ರೇಸ್ ಕಾರಿಗೆ ಉದ್ಯಮಬಾಗದ ಗೇರು

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಉದ್ಯಮಬಾಗದ ಎರಕದ ಕಾರ್ಖಾನೆಗಳು, ಅಲ್ಲಿಯೇ ಗೋಗಟೆ ಇಂಜಿನಿಯರಿಂಗ್ ಕಾಲೇಜು, ತುಸು ಮುಂದೆ ಮಚ್ಛೆಯ ಕೈಗಾರಿಕಾ ಪ್ರದೇಶ, ಅದರ ಸೀಮೆಯಲ್ಲೇ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತವೆ. ಕಾರ್ಖಾನೆಗೂ ಕಾಲೇಜಿಗೂ ನಡುವೆ ಕಾಂಪೌಂಡ್ ಗೋಡೆಯಷ್ಟೇ ಅಂತರ. ಆ ಗೋಡೆ ಎಷ್ಟು ಎತ್ತರವಾಗಿದೆ ಎಂಬುದನ್ನು ತಿಳಿಯಲು ವಿದ್ಯಾರ್ಥಿಗಳು ಕಟ್ಟುವ ರೇಸ್ ಕಾರಿನ ಗೇರನ್ನು ನೋಡಬೇಕು.

ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳಿಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಒಂಟಿ ಆಸನದ ಕಾರು ಕಟ್ಟುತ್ತಾರೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ತಂಡ 2003ರಲ್ಲೇ ಈ ಹಾದಿ ಹಿಡಿಯಿತು. ಪೆಟ್ರೋಲ್ ಕಾರಾದರೆ ಸಾಮಾನ್ಯವಾಗಿ ಬೈಕಿನ ಎಂಜಿನ್. ಬೈಕಿನಲ್ಲಿ ಗೇರು ಬದಲಿಸುವುದು ಕಾಲು. ಇಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಿರುತ್ತದೆ. ಕೈಸನ್ನೆ ಇಟ್ಟರೆ ತಿರುವಿನಲ್ಲಿ ಒಂದು ಕೈ ಸ್ಟೀರಿಂಗ್ ಬಿಡಬೇಕು. ಆದ್ದರಿಂದಲೇ ಸ್ಟೀರಿಂಗಿನ ಹಿಂಬದಿಯಲ್ಲಿ ಬೆರಳಿಗೆ ಸಿಗುವ ಎರಡು ಪ್ಯಾಡಲ್‌ಗಳು. 1989ರ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿಯಲ್ಲಿ ಈ ಕೆಲಸವನ್ನು ಹೈಡ್ರಾಲಿಕ್ ತೈಲ ಮಾಡುತ್ತಿತ್ತು. ವಿದ್ಯಾರ್ಥಿಗಳ ಕಾರಿಗೆ ಅಗ್ಗವಾದ ಒತ್ತುಗಾಳಿ ಸಾಕು.

ಪ್ಯಾಡಲ್ ಎಳೆದೊಡನೆ ವಿದ್ಯುತ್ ಸಂಕೇತ ಹೋಗಿ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ, ಗಾಳಿ ಸಿಲಿಂಡರಿಗೆ ನುಗ್ಗುತ್ತದೆ, ಪಿಸ್ಟನ್ನಿನ ದಂಡ ಗೇರಿನ ಸನ್ನೆಯನ್ನು ತಳ್ಳುತ್ತದೆ. ಮೇಲಿನ ಗೇರಿಗೆ ಹೋಗುವಾಗ ಕಿಡಿಯನ್ನು ಕ್ಷಣದ ಒಂದು ಸಣ್ಣ ಪಾಲಿನಷ್ಟು ಹೊತ್ತು ತಡೆಯಬೇಕು. ಇಲ್ಲವಾದರೆ ಎಂಜಿನ್ನಿನ ಒತ್ತಡಕ್ಕೆ ಸಿಕ್ಕ ಹಲ್ಲುಗಳು ಬಿಡಿಸಿಕೊಳ್ಳವು. ಸಿಲಿಂಡರಿನ ಓಟ ಸನ್ನೆಯ ಚಲನೆಗೆ ಸರಿಹೊಂದಬೇಕು. ಹೆಚ್ಚಾದರೆ ಒಳಗಿನ ಫೋರ್ಕ್ ಬಾಗುತ್ತದೆ. ಸಿಲಿಂಡರನ್ನು ಹಿಡಿದ ಬ್ರಾಕೆಟ್ಟೇ ಬಾಗಿದರೆ ಗೇರು ಬೀಳುವುದೇ ಇಲ್ಲ. ಮೊದಲ ಮತ್ತು ಎರಡನೆಯ ಗೇರಿನ ನಡುವೆ ಅಡಗಿರುವ ನ್ಯೂಟ್ರಲ್ಲಿಗೆ ಅರ್ಧ ತಳ್ಳು ಮಾತ್ರ ಬೇಕು. ಇದನ್ನು ಹೊಂದಿಸುವುದೇ ಎಲ್ಲಕ್ಕಿಂತ ತಲೆನೋವಿನ ಕೆಲಸ.

ಇದರಲ್ಲಿ ಬೆಳಗಾವಿಗೆ ಅಪರಿಚಿತವಾದದ್ದು ಏನಿದೆ? ಮಚ್ಛೆಯ ಪಾಲಿಹೈಡ್ರಾನ್ ದಶಕಗಳಿಂದ ಹೈಡ್ರಾಲಿಕ್ ಬಿಡಿಭಾಗಗಳನ್ನು ತಯಾರಿಸುತ್ತಿದೆ. ಯಂತ್ರಗಳಲ್ಲಿ ಬಿಡಿಭಾಗವನ್ನು ಬಿಗಿಹಿಡಿಯಲು ಇಂಥದೇ ಗಾಳಿ ಸಿಲಿಂಡರ್ ಬಳಸುತ್ತಾರೆ. ಗಾಳಿಯ ಬಾಟಲಿ, ರೆಗ್ಯುಲೇಟರುಗಳನ್ನು ಪ್ರಮಾಣೀಕೃತವಾದವನ್ನೇ ಕೊಳ್ಳಬೇಕು; ಅಲ್ಲಿ ಉಳಿತಾಯ ಸಲ್ಲದು. ಬ್ರಾಕೆಟ್, ಸನ್ನೆ, ಕೊಂಡಿಗಳಿಗೆ ಮಾತ್ರ ವಿದೇಶಿ ಕಿಟ್ ತರಿಸುವುದು ಅನಗತ್ಯ. ಖಾನಾಪುರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಐಟಿಐ ಕಲಿತ ಹುಡುಗ ಬ್ರಾಕೆಟ್ಟನ್ನು ಕೈಯಲ್ಲಿ ಹಿಡಿದೇ ಅದು ಎಲ್ಲಿ ಬಾಗುತ್ತದೆ ಎಂದು ಹೇಳಬಲ್ಲ.

ಒಂದೇ ಕಸುಬಿನವರು ಒಂದೆಡೆ ನೆಲೆಸಿದರೆ ಕೌಶಲ ಪರಸ್ಪರ ಹರಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದರು. ಎಂ.ಎ. ತರಗತಿಯಲ್ಲಿ ನಾವು ಅದನ್ನು ಪರೀಕ್ಷೆಗೆಂದು ಓದಿದೆವು. ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ತಾಂತ್ರಿಕ ಶಿಕ್ಷಣದ ಪ್ರಸ್ತಾವಗಳಲ್ಲಿ ಕಟ್ಟಡಕ್ಕೆ, ಯಂತ್ರಕ್ಕೆ ಲೆಕ್ಕಶೀರ್ಷಿಕೆ ಇರುತ್ತಿತ್ತು. ಕುಶಲಕರ್ಮಿಯ ಎರಡು ಗಂಟೆಯ ಪಾಠಕ್ಕೆ ಸಂಭಾವನೆ ನೀಡುವ ಶೀರ್ಷಿಕೆಯನ್ನು ನಾನು ಕಾಣಲಿಲ್ಲ. ಇಂಟರ್ನ್‌ಶಿಪ್ ಈಗ ಕಡ್ಡಾಯ, ನಿಜ. ಆದರೆ ಬಹಳ ಸಲ ಅದು ಪ್ರಮಾಣಪತ್ರ ತರುವ ಶಾಸ್ತ್ರವಾಗಿ ಮುಗಿಯುತ್ತದೆ.

ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಅಧ್ಯಾಪಕರ ಜೊತೆಗೆ ಕಾರ್ಖಾನೆಯ ಮೇಸ್ತ್ರಿಯೊಬ್ಬರನ್ನು ಸಹ ಮಾರ್ಗದರ್ಶಕರೆಂದು ಮಾನ್ಯಮಾಡಿ, ಗೌರವಧನ ಕೊಟ್ಟು, ವರದಿಯ ಮೊದಲ ಪುಟದಲ್ಲಿ ಅವರ ಹೆಸರು ಮುದ್ರಿಸಲು ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಅದನ್ನು ಹೊರಡಿಸಬಹುದು.