ಅದು ಫ್ರಿಜ್ ಅಲ್ಲ, ಶನಿವಾರ ದುಡ್ಡು ಹಾಕ್ಬೇಡಿ

(1/6)
ಕ್ಲಾಸ್ ಗ್ರೂಪ್‌ನಲ್ಲಿ ಮೂರು ದಿನದಿಂದ ಒಂದೇ ಲಿಂಕ್ ಓಡಾಡ್ತಿದೆ. "ಪೋರ್ಟಬಲ್ ಕಾರ್ ಫ್ರಿಜ್, 20 ಲೀಟರ್, ₹5,600." ಎಂಟು ಜನ, ತಲೆಗೆ ₹700, ಶನಿವಾರದೊಳಗೆ ಕಳಿಸಿ ಅಂತ. ಪರೀಕ್ಷೆ ಮುಗಿದ ಮೇಲೆ ಬಾಡಿಗೆ ಟ್ರೇಲರ್ ಎಳ್ಕೊಂಡು ಚಿತ್ರದುರ್ಗ, ಹಂಪಿ, ಅಲ್ಲಿಂದ ಗೋಕರ್ಣ ಹೋಗೋದಕ್ಕೆ ನನ್ನ ತಕರಾರೇನೂ ಇಲ್ಲ. ತಕರಾರು ಇರೋದು ಆ ಡಬ್ಬಿ ಬಗ್ಗೆ. ಅದನ್ನ ಫ್ರಿಜ್ ಅಂತ ಕರೆಯೋದೇ ಸುಳ್ಳು. ಇದನ್ನ ಗ್ರೂಪ್‌ನಲ್ಲಿ ಹೇಳಿದ್ದಕ್ಕೆ "ಬಂದ್ರಪ್ಪ ಆಡಿಟರ್" ಅಂತ ಸ್ಟಿಕ್ಕರ್ ಬಂತು. ಸರಿ, ಆಡಿಟ್ ರಿಪೋರ್ಟ್ ಇಲ್ಲೇ ಕೊಡ್ತೀನಿ. ಓದಿ, ಆಮೇಲೆ ಬೈರಿ.

(2/6)
ಮನೆ ಫ್ರಿಜ್ ಹಿಂದೆ ಗುರ್ರ್ ಅನ್ನುತ್ತಲ್ಲ, ಅದು ಕಂಪ್ರೆಸರ್. ಈ ಡಬ್ಬಿಯಲ್ಲಿ ಅದಿಲ್ಲ. ಇರೋದು ಬಿಸ್ಕತ್ತಿನಷ್ಟು ದೊಡ್ಡ ಒಂದು ಪೆಲ್ಟಿಯರ್ ಚಿಪ್ ಮತ್ತು ಫ್ಯಾನ್, ಅಷ್ಟೇ. ಕರೆಂಟ್ ಹರಿಸಿದರೆ ಚಿಪ್‌ನ ಒಂದು ಮುಖ ತಣ್ಣಗಾಗುತ್ತೆ, ಇನ್ನೊಂದು ಬಿಸಿಯಾಗುತ್ತೆ. 1834ರಲ್ಲೇ ಫ್ರಾನ್ಸಿನ ಪೆಲ್ಟಿಯರ್ ಕಂಡುಕೊಂಡ ವಿಷಯ ಇದು. ವಿಜ್ಞಾನದಲ್ಲಿ ಸುಳ್ಳಿಲ್ಲ, ಮಾರಾಟದಲ್ಲಿದೆ.

ಲಿಂಕ್ ತೆಗೆದು ಕೆಳಗೆ ಹೋಗಿ. ಆಫರ್, ಕೂಪನ್, ನಗುತ್ತಿರೋ ಫ್ಯಾಮಿಲಿ ಫೋಟೋ ಎಲ್ಲಾ ದಾಟಿ, ಇನ್ನೂ ಕೆಳಗೆ. ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲಿದೆ: ಸುತ್ತಲಿನ ತಾಪಮಾನಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ. ಇಡೀ ಪುಟದಲ್ಲಿ ನಿಜ ಇರೋದು ಆ ಒಂದು ಸಾಲಿನಲ್ಲಿ ಮಾತ್ರ.

ನಾವು ಹೋಗೋದು ಏಪ್ರಿಲ್ ಕೊನೆಗೆ. ಹಂಪಿ ಕಡೆ ಮಧ್ಯಾಹ್ನ 40 ಡಿಗ್ರಿ ಅಂದ್ರೆ ಅಲ್ಲಿನವರು ಹುಬ್ಬೂ ಏರಿಸಲ್ಲ. ಬಿಸಿಲಲ್ಲಿ ನಿಂತ, ಬಾಗಿಲು ಮುಚ್ಚಿದ ತಗಡಿನ ಟ್ರೇಲರ್ ಒಳಗೆ ಇನ್ನೂ ಜಾಸ್ತಿ. ನಲವತ್ತರಲ್ಲಿ ಇಪ್ಪತ್ತು ಕಳೆಯಿರಿ. ಇಪ್ಪತ್ತು ಡಿಗ್ರಿ! ಅದು ಎಸಿ ರೂಮಿನ ಟೆಂಪರೇಚರ್ ಕಣ್ರೀ. ಎಸಿ ರೂಮಿನ ಟೇಬಲ್ ಮೇಲೆ ಹಸಿ ಚಿಕನ್ ಇಟ್ಟು ಮಾರನೇ ದಿನ ತಿಂತೀರಾ? ಹಾಲು, ಮಾಂಸ, ಬೇಯಿಸಿದ ಅನ್ನ ಇವೆಲ್ಲ 5 ಡಿಗ್ರಿಗಿಂತ ಕೆಳಗಿರಬೇಕು. ಅದರ ಮೇಲೆ, 60ರವರೆಗೆ, ಬ್ಯಾಕ್ಟೀರಿಯಾಗಳಿಗೆ ಜಾತ್ರೆ.

"ಜ್ಯೂಸ್ ಇಡೋಕೆ ಸಾಕು ಬಿಡು" ಅಂದವರಿಗೆ: ಜ್ಯೂಸ್‌ಗೆ ಸಾಕು, ನಿಜ. ಆದ್ರೆ ಲಿಸ್ಟ್‌ನಲ್ಲಿ ನೀವೇ ಬರೆದಿರೋದು ಎರಡು ಕೆಜಿ ಮ್ಯಾರಿನೇಟ್ ಮಾಡಿದ ಚಿಕನ್.

(3/6)
ಇದು ತಮಾಷೆ ಅಲ್ಲದ ಭಾಗ. ಎಂಟು ಜನರಲ್ಲಿ ಒಬ್ಬರು ಇನ್ಸುಲಿನ್ ತಗೊಳ್ತಾರೆ. "ನಿಂದೂ ಅದರಲ್ಲೇ ಇಟ್ರಾಯ್ತು" ಅಂತ ಗ್ರೂಪ್‌ನಲ್ಲಿ ಎಷ್ಟು ಸಲೀಸಾಗಿ ಹೇಳಿಬಿಟ್ರಿ! ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗಿರಬೇಕು. ಹೆಪ್ಪುಗಟ್ಟಲೂಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಚಿಕನ್ ಕೆಟ್ಟರೆ ವಾಸನೆ ಬರುತ್ತೆ. ಇನ್ಸುಲಿನ್ ಶಕ್ತಿ ಕಳ್ಕೊಂಡ್ರೆ ಎಷ್ಟೋ ಸಲ ನೋಡೋಕೆ ಹಾಗೇ ಇರುತ್ತೆ, ಗೊತ್ತಾಗೋದು ಶುಗರ್ ಏರಿದಾಗ. "ಫ್ರಿಜ್" ಅನ್ನೋ ಒಂದು ಪದವನ್ನ ನಂಬಿ ಒಬ್ಬರ ಔಷಧಿ ಅದರೊಳಗೆ ಹಾಕೋಕೆ ಹೊರಟಿದ್ದೀವಿ. ನನಗೆ ಸಿಟ್ಟು ಬಂದಿರೋದು ಮುಖ್ಯವಾಗಿ ಇದಕ್ಕೆ, ₹700ಕ್ಕಲ್ಲ.

ಬಿಸಿನೆಸ್ ಲಾ ಪೇಪರ್ ನೆನಪಿದೆಯಾ? ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಸೆಕ್ಷನ್ 2(28), ದಾರಿ ತಪ್ಪಿಸುವ ಜಾಹೀರಾತು. ಐದು ಮಾರ್ಕ್ಸ್‌ಗೆ ಓದಿ ಬಿಟ್ಟಿದ್ದೀವಿ. ಅದರಲ್ಲಿ ಮುಖ್ಯ ಮಾಹಿತಿಯನ್ನ ಬೇಕಂತಲೇ ಮುಚ್ಚಿಡೋದೂ ಸೇರುತ್ತೆ. ದೂರು ಕೊಡೋಕೆ 1915ಕ್ಕೆ ಫೋನ್ ಮಾಡಿದ್ರೆ ಸಾಕು.

(4/6)
ಈಗ ಬ್ಯಾಟರಿ. ಇದನ್ನ ಯಾವ ರೀಲ್‌ನಲ್ಲೂ ತೋರಿಸಲ್ಲ. ಪೆಲ್ಟಿಯರ್ ಡಬ್ಬಿ 12 ವೋಲ್ಟ್‌ನಲ್ಲಿ ಸುಮಾರು 5 ಆಂಪ್ ಎಳೆಯುತ್ತೆ. ಅದೂ ಬಿಸಿಲಲ್ಲಿ ಬಿಡುವಿಲ್ಲದೆ, ಯಾಕಂದ್ರೆ ಬೇಕಾದಷ್ಟು ತಣ್ಣಗೆ ಅದು ಯಾವತ್ತೂ ಆಗಲ್ಲ. 5 ಆಂಪ್ ಅಂದ್ರೆ 24 ಗಂಟೆಗೆ 120 ಆಂಪ್-ಅವರ್. ಚಿಕ್ಕ ಕಾರಿನ ಬ್ಯಾಟರಿಯಲ್ಲಿ ಇರೋದೇ 35ರಿಂದ 45. ರಾತ್ರಿ ಹಾಕಿ ಮಲಗಿದ್ರೆ ಬೆಳಗ್ಗೆ ಕಾರು ಸ್ಟಾರ್ಟ್ ಆಗಲ್ಲ. ಟ್ರೇಲರ್ ಕಟ್ಟಿರೋ ಕಾರನ್ನ ತಳ್ಳೋಕೆ ಯಾರ್ಯಾರು ಬರ್ತೀರಿ, ಈಗಲೇ ಹೆಸರು ಕೊಡಿ.

ಕಂಪ್ರೆಸರ್ ಇರೋ ಪೋರ್ಟಬಲ್ ಫ್ರಿಜ್ ಬೇರೆ ಜಾತಿ. ಅದು ತಣ್ಣಗಾದ ಮೇಲೆ ನಿಲ್ಲುತ್ತೆ, ಬೇಕಾದಾಗ ಮತ್ತೆ ಓಡುತ್ತೆ. ಸರಾಸರಿ 1ರಿಂದ 2 ಆಂಪ್, ದಿನಕ್ಕೆ 25ರಿಂದ 50 ಆಂಪ್-ಅವರ್. ಟ್ರೇಲರ್‌ನಲ್ಲಿ ಬೇರೆಯೇ 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿ ಇದ್ರೂ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದ್ರೆ ಅದರ ಆಯಸ್ಸು ಹೋಗುತ್ತೆ. ಹಾಗಾಗಿ ಒಂದರಿಂದ ಎರಡು ದಿನ, ಅಷ್ಟೇ. ಇನ್ನೊಂದು ವಿಷಯ: ಕಾರಿನಿಂದ ಟ್ರೇಲರ್‌ಗೆ ಹೋಗೋ ವೈರ್ ತೆಳುವಾಗಿದ್ರೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಸೋರಿ ಹೋಗುತ್ತೆ. ಬ್ಯಾಟರಿ ಚೆನ್ನಾಗೇ ಇದ್ರೂ ಫ್ರಿಜ್ ಮಾತ್ರ "ಲೋ ವೋಲ್ಟೇಜ್" ಅಂತ ಆಫ್ ಆಗುತ್ತೆ. ಜನ ಫ್ರಿಜ್‌ಗೆ ಬೈತಾರೆ, ತಪ್ಪು ವೈರಿನದು. ದಪ್ಪ ತಾಮ್ರದ ವೈರು, ನಡುವೆ ಫ್ಯೂಸು. ಇದು ಬಾಡಿಗೆ ಕೊಡೋವ್ರ ಹತ್ರ ಕೇಳಬೇಕಾದ ಮೊದಲ ಪ್ರಶ್ನೆ. ಒಳಗಿನ ಫೇರಿ ಲೈಟ್ ಬಗ್ಗೆ ಆಮೇಲೆ ಕೇಳೋಣ.

(5/6)
"ಹಾಗಾದ್ರೆ ಕಂಪ್ರೆಸರ್‌ದೇ ತಗೊಳ್ಳೋಣ, ಇಎಂಐ ಇದೆಯಲ್ಲ." ಗೊತ್ತಿತ್ತು, ಈ ಮಾತು ಬರುತ್ತೆ ಅಂತ. ₹30,000 ಅಂತ ಇಟ್ಕೊಳ್ಳಿ, ಬಡ್ಡಿ ಬಿಡಿ. ವರ್ಷಕ್ಕೆ ಎರಡು ಟ್ರಿಪ್, ಟ್ರಿಪ್‌ಗೆ ಎರಡು ರಾತ್ರಿ, ಐದು ವರ್ಷ: 20 ರಾತ್ರಿ. ರಾತ್ರಿಗೆ ₹1,500 ಬರೀ ಫ್ರಿಜ್‌ಗೆ! ಅದೂ ಡಿಗ್ರಿ ಮುಗಿದ ಮೇಲೂ ಎಂಟೂ ಜನ ಒಟ್ಟಿಗೆ ಇರ್ತೀವಿ ಅಂದ್ಕೊಂಡು. ತಿಂಗಳಲ್ಲಿ ಹತ್ತು ದಿನ ರೋಡಲ್ಲೇ ಇರೋವ್ರು ಕೊಂಡ್ಕೊಳ್ಳಲಿ, ಅವರಿಗೆ ಲೆಕ್ಕ ಕೂಡುತ್ತೆ. ನಮಗೆ ಕೂಡಲ್ಲ. ಬಾಡಿಗೆಗೆ ಸಿಕ್ಕರೆ ತಗೊಳ್ಳೋಣ, ಆದ್ರೆ ಎತ್ತಿ ನೋಡಿ. ಕೈಗೆ ಹಗುರಾಗಿ ಬಂದ್ರೆ ಅನುಮಾನ ಪಡಿ. ಮೈನಸ್ 18ಕ್ಕೆ ಹೋಗುತ್ತಾ ಅಂತ ಕೇಳಿ, "ಹೋಗಲ್ಲ" ಅಂದ್ರೆ ಹೆಚ್ಚುಕಮ್ಮಿ ಪೆಲ್ಟಿಯರ್ರೇ. ಹೊರಡೋ ಹಿಂದಿನ ರಾತ್ರಿ ಮನೆ ಕರೆಂಟ್‌ನಲ್ಲೇ ತಣ್ಣಗೆ ಮಾಡಿ, ಒಳಗಿಡೋ ಸಾಮಾನನ್ನೂ ತಣ್ಣಗೆ ಮಾಡಿಯೇ ಇಡಬೇಕು. ಗಾಳಿ ಕಿಂಡಿಗೆ ಬ್ಯಾಗು ಒತ್ತರಿಸಬಾರದು.

(6/6)
ನನ್ನ ವೋಟು ಐಸ್ ಬಾಕ್ಸ್‌ಗೆ. ನಗಬೇಡಿ. ಒಂದು ಕೆಜಿ ಐಸ್ ಕರಗೋಕೆ ಸುಮಾರು 93 ವ್ಯಾಟ್-ಅವರ್ ಶಾಖ ಬೇಕು. ಐದು ಕೆಜಿ ಇಟ್ರೆ 460ರಷ್ಟು ಶಾಖವನ್ನ ಅದು ವೈರಿಲ್ಲದೆ, ಬ್ಯಾಟರಿ ಇಲ್ಲದೆ ನುಂಗುತ್ತೆ. ಹೊರಗೆ 40 ಇರಲಿ 45 ಇರಲಿ, ಕರಗುತ್ತಿರೋ ಐಸ್ ಸೊನ್ನೆಯಲ್ಲೇ ಇರುತ್ತೆ. ಪೆಲ್ಟಿಯರ್‌ಗೆ ಈ ಯೋಗ್ಯತೆ ಇಲ್ಲ.

ಎರಡು ಬಾಕ್ಸ್ ಮಾಡೋಣ. ಒಂದು ನೀರು-ಜ್ಯೂಸ್‌ಗೆ, ಅದನ್ನ ಹತ್ತು ನಿಮಿಷಕ್ಕೊಮ್ಮೆ ತೆಗೀತೀರಿ, ತೆಗೀರಿ. ಇನ್ನೊಂದು ಅಡುಗೆ ಸಾಮಾನಿಗೆ, ಊಟದ ಹೊತ್ತಿಗೆ ಮಾತ್ರ. ಲೀಟರ್ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ತನ್ನಿ, ಕರಗಿದ ಮೇಲೆ ಕುಡಿಯೋಕಾಗುತ್ತೆ. ಚಿಕನ್ ಮೊದಲ ರಾತ್ರಿಯೇ ಮುಗಿಯಬೇಕು, ಎರಡನೇ ದಿನಕ್ಕೆ ಮೊಟ್ಟೆ ಇದೆ. ಗೋಕರ್ಣದ ಪಕ್ಕದ ತದಡಿ ಮೀನುಗಾರಿಕೆ ಬಂದರು, ಆ ಕಡೆ ಐಸ್‌ಗೆ ಬರ ಇರಲ್ಲ. ಮೀನಿಗೆ ಹಾಕೋ ಐಸನ್ನ ಲೋಟಕ್ಕೆ ಹಾಕ್ಬೇಡಿ ಅಷ್ಟೇ. ಇನ್ಸುಲಿನ್ ಐಸ್‌ಗೆ ತಾಗದ ಹಾಗೆ ಬೇರೆ ಡಬ್ಬಿಯಲ್ಲಿ, ಪಕ್ಕದಲ್ಲೊಂದು ಥರ್ಮಾಮೀಟರ್. ಅದು ಹೇಗೆ ಅಂತ ತೀರ್ಮಾನ ಮಾಡೋದು ಅದನ್ನ ತಗೊಳ್ಳೋವ್ರೂ ಅವರ ಡಾಕ್ಟ್ರೂ, ಗ್ರೂಪ್ ಪೋಲ್ ಅಲ್ಲ.

ಶನಿವಾರದ ಕಲೆಕ್ಷನ್ ನಿಲ್ಲಿಸಿ. ನಮ್ಮನೆಯಲ್ಲಿ 25 ಲೀಟರ್‌ದು ಒಂದಿದೆ, ಅಕ್ಕನ ಮದುವೆಗೆ ತಂದಿದ್ದು, ತರ್ತೀನಿ. ಎರಡನೇದು ಯಾರ ಮನೆಯಲ್ಲಿದೆ, ಕಾಮೆಂಟ್‌ನಲ್ಲಿ ಹೇಳಿ. ಮುಚ್ಚಳ ಗಟ್ಟಿ ಕೂರೋದು ಇರಲಿ.

#ಕ್ಯಾಂಪಿಂಗ್ #ಅದುಫ್ರಿಜ್‌ಅಲ್ಲ #ಬಿಕಾಂಲೆಕ್ಕ