ಕುರಿಯಲ್ಲದ ಕುರಿಬೊ

ಹೋದ ವಾರ ನಾನು ನಮ್ಮ ಮನೆಯ ನಡುಮನೆಯಲ್ಲೇ 9 ಸಲ ಸತ್ತೆ. ಗಾಬರಿಯಾಗಬೇಡಿ, ಟೀವಿಯೊಳಗೆ. ಮೊಮ್ಮಗಳು ರಜೆಗೆ ಬಂದಿದ್ದಾಳೆ. ಅವಳಪ್ಪ ಕೊಡಿಸಿದ ಪುಟ್ಟ ಯಂತ್ರವೊಂದನ್ನು ಟೀವಿಗೆ ಸಿಕ್ಕಿಸಿ, ಗುಂಡಿಗಳಿರುವ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ತಾತ, ನೀನೂ ಆಡು" ಎಂದಳು. ಆಟದ ಹೆಸರು ಸೂಪರ್ ಮಾರಿಯೋ ಬ್ರದರ್ಸ್. ಮೂರು ಆಟ, ಆಟಕ್ಕೆ ಮೂರು ಜೀವ. ಲೆಕ್ಕ ಸರಿಯಾಗಿದೆ.

ಆ 9ರಲ್ಲಿ 7 ಸಾವುಗಳನ್ನು ಒಂದೇ ಪ್ರಾಣಿಯ ಖಾತೆಗೆ ಬರೆಯಬೇಕು. ಕೆಂಪು ಟೋಪಿಯ, ಮೀಸೆಯ ಮಾರಿಯೋ ತೆರೆಯ ಎಡಗಡೆ ನಿಂತಿರುತ್ತಾನೆ. ಬಲಕ್ಕೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದುರಿನಿಂದ ಕಂದು ಬಣ್ಣದ, ಅಣಬೆಯಂಥ ತಲೆಯ ಕುಳ್ಳನೊಬ್ಬ ಬರುತ್ತಾನೆ. ಗಂಟಿಕ್ಕಿದ ಹುಬ್ಬು, ಎರಡು ಕೋರೆಹಲ್ಲು, ಎರಡು ಪಾದ, ಕೈಗಳೇ ಇಲ್ಲ. ಇವನ ಹೆಸರು ಗುಂಬಾ. ಮುಟ್ಟಿದರೆ ನಾವು ಸತ್ತೆವು. ಹಾರಿ ತಲೆಯ ಮೇಲೆ ಕಾಲಿಟ್ಟರೆ ಅವನು ಚಪಾತಿಯಂತೆ ಚಪ್ಪಟೆ, ನಮಗೆ 100 ಅಂಕ. ಇಷ್ಟೇ ಅವನ ಕಥೆ. ನಾನು ಪ್ರತಿ ಸಲವೂ ಗುಂಡಿ ಒತ್ತುವ ಹೊತ್ತಿಗೆ ಅವನು ಬಂದು ಮುಟ್ಟಿಯಾಗಿರುತ್ತಿತ್ತು. "ಇಷ್ಟು ಸುಲಭದವನ ಕೈಲಿ ಯಾರೂ ಸಾಯೋದಿಲ್ಲ ತಾತ" ಎಂದು ಮೊಮ್ಮಗಳು ನಕ್ಕಳು.

ಅವಮಾನವಾದ ಮೇಲೆ ಶತ್ರುವಿನ ಪೂರ್ವಾಪರ ವಿಚಾರಿಸದೆ ಬಿಡುವ ಜಾಯಮಾನ ನನ್ನದಲ್ಲ. ಕೌಂಟರಿನ ಹಿಂದೆ ಕೂತು ಬಂದ ಅಭ್ಯಾಸ.

ಆಟ ಹುಟ್ಟಿದ್ದು ಜಪಾನಿನಲ್ಲಿ, 1985ರ ಸೆಪ್ಟೆಂಬರಿನಲ್ಲಿ. ಮಾಡಿದ್ದು ಕ್ಯೋಟೋ ನಗರದ ನಿಂಟೆಂಡೋ ಕಂಪನಿ. 1889ರಲ್ಲಿ ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ಮಾಡುತ್ತಾ ಶುರುವಾದ ಹಳೆಯ ಅಂಗಡಿ ಅದು. ಆಟದ ರೂವಾರಿಗಳು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಗುಂಬಾನಿಗೆ ಜಪಾನಿ ಭಾಷೆಯಲ್ಲಿ ಕುರಿಬೊ ಎಂದು ಹೆಸರು. ಓದಿದ ಕೂಡಲೇ ನನಗೆ ಖುಷಿಯಾಯಿತು. ಆದರೆ ಅಲ್ಲಿ 'ಕುರಿ' ಎಂದರೆ ಚೆಸ್ಟ್‌ನಟ್ ಎಂಬ ಕಂದು ಬಣ್ಣದ ಕಾಯಿ. ಇರಲಿ, ನಡತೆಯಲ್ಲಿ ಇವನು ನಮ್ಮ ಕುರಿಯೇ. ಹೊರಟ ದಿಕ್ಕಿಗೆ ನೆಟ್ಟಗೆ ನಡೆಯುತ್ತಾನೆ. ಕೊಳವೆ ಅಡ್ಡ ಬಂದರೆ ಹಿಂದಕ್ಕೆ ತಿರುಗುತ್ತಾನೆ. ಹಳ್ಳ ಬಂದರೆ ಮುಂದಿನವನು ಬಿದ್ದದ್ದನ್ನು ನೋಡಿಯೂ ಹಿಂದಿನವನು ಬೀಳುತ್ತಾನೆ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ. ಆಟದಲ್ಲಿ ಎಲ್ಲರಿಗಿಂತ ಮೊದಲು ಎದುರಾಗುವ ಈ ಗುಂಬಾ, ತಯಾರಿಯಲ್ಲಿ ಕೊನೆಕೊನೆಗೆ ಸೇರಿಕೊಂಡವನಂತೆ! ಅವನಿಗೆ ಮುಂಚೆ ಇದ್ದದ್ದು ಆಮೆಗಳು. ಆಮೆಯ ವ್ಯವಹಾರ ಎರಡು ಹಂತದ್ದು. ಒಮ್ಮೆ ತುಳಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಚಿಪ್ಪನ್ನು ಒದ್ದರೆ ಜಾರಿಕೊಂಡು ಹೋಗಿ ಎದುರಿದ್ದವರನ್ನು ಬೀಳಿಸುತ್ತದೆ, ಗೋಡೆಗೆ ಬಡಿದರೆ ತಿರುಗಿ ಬಂದು ಒದ್ದವನನ್ನೇ ಹೊಡೆಯುತ್ತದೆ. ಆಡಿ ನೋಡಿದವರು, ಹೊಸಬರಿಗೆ ಇದು ಮೊದಲೇ ಎದುರಾದರೆ ಕಷ್ಟ ಎಂದರು. ಒಮ್ಮೆ ತುಳಿದರೆ ಮುಗಿದುಹೋಗುವ ಒಬ್ಬ ಸರಳ ಶತ್ರು ಬೇಕಾಯಿತು.

ಬೇಕೇನೋ ಹೌದು, ಜಾಗವೆಲ್ಲಿ? ಇಡೀ ಆಟ ಕೂರಬೇಕಾದದ್ದು 40 ಕಿಲೋಬೈಟ್‌ನಲ್ಲಿ. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದರ ಹತ್ತಾರು ಪಟ್ಟು ಜಾಗ ತಿನ್ನುತ್ತದೆ. ಹಾಗಾಗಿ ಗುಂಬಾನ ನಡಿಗೆಗೆ ಒಂದೇ ಚಿತ್ರ ಬರೆದರು. ಅದನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿ, ಮತ್ತೆ ಮಗುಚಿ ತೋರಿಸಿದರು. ಪಾದ ಅತ್ತ ಒಮ್ಮೆ ಇತ್ತ ಒಮ್ಮೆ ಆಗಿ, ನಮ್ಮ ಕಣ್ಣಿಗೆ ಅದು ತಟ್ಟಾಡುವ ನಡಿಗೆ! ಮಕ್ಕಳೇ, ಅದೇ ಆಟದ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಒಮ್ಮೆ ಗಮನವಿಟ್ಟು ನೋಡಿ. ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಹಳೇ ಲಕೋಟೆ ಬಿಚ್ಚಿ ಅದರ ಬೆನ್ನಿನ ಮೇಲೆ ಕೂಡುವ ಲೆಕ್ಕ ಮಾಡುತ್ತಿದ್ದ ನನ್ನಂಥವನಿಗೆ ಈ ಜಿಪುಣತನ ಕಂಡು ಗೌರವ ಹುಟ್ಟಿತು.

ಗುಂಬಾನನ್ನು ನಿಲ್ಲಿಸಿದ ಜಾಗವನ್ನೂ ನೋಡಿ. ಹಾರು ಎಂದು ಎಲ್ಲೂ ಬರೆದಿಲ್ಲ. ಅವನು ಒಬ್ಬನೇ, ನಿಧಾನವಾಗಿ, ಬಯಲಿನಲ್ಲಿ ಬರುತ್ತಾನೆ. ಸತ್ತರೂ ನಷ್ಟ ನಾಲ್ಕು ಹೆಜ್ಜೆ. ಅವನನ್ನು ದಾಟಿದ ಮೇಲೆ ಪೆಟ್ಟಿಗೆಯೊಂದನ್ನು ತಲೆಯಿಂದ ಗುದ್ದಿದರೆ ಅಣಬೆ ಹೊರಬರುತ್ತದೆ. ಅದು ಮಾರಿಯೋನನ್ನು ದೊಡ್ಡವನಾಗಿ ಮಾಡುವ ಒಳ್ಳೆಯ ಅಣಬೆ. ಆದರೆ ಆಗಷ್ಟೇ ಗುಂಬಾನ ಕೈಲಿ ಏಟು ತಿಂದವನಿಗೆ ಅಣಬೆ ಎಂದರೆ ಭಯ, ಓಡುತ್ತಾನೆ. ಅದಕ್ಕೇ ಆ ಅಣಬೆ ಮುಂದೆ ಹೋಗಿ, ಕೊಳವೆಗೆ ತಾಗಿ, ಹಿಂದಕ್ಕೆ ನಮ್ಮತ್ತಲೇ ಬರುವಂತೆ ಮಾಡಿದ್ದಾರೆ. ಹಾರಿ ತಪ್ಪಿಸಿಕೊಳ್ಳೋಣವೆಂದರೆ ಮೇಲಿನ ಇಟ್ಟಿಗೆ ತಲೆಗೆ ತಗುಲಿ ಅದರ ಮೇಲೇ ಬೀಳುತ್ತೇವೆ. ಇದನ್ನೆಲ್ಲ ಬೇಕೆಂದೇ ಹೀಗೆ ಜೋಡಿಸಿದ್ದು ಎಂದು ಮಿಯಾಮೊಟೊ ಅವರೇ ವಿವರಿಸಿದ್ದಾರೆ. ಆಮೇಲೆ ಕೊಳವೆಗಳ ನಡುವೆ ಒಬ್ಬ ಗುಂಬಾ, ಅದಾದ ಮೇಲೆ ಜೋಡಿ ಗುಂಬಾ, ಅದನ್ನು ದಾಟಿದ ಮೇಲಷ್ಟೇ ಮೊದಲ ಹಳ್ಳ. ಆಮೆ ಬರುವುದು ಇನ್ನೂ ಮುಂದೆ.

ಇಲ್ಲಿಗೆ ಬಂದಾಗ ನನಗೆ ನಮ್ಮ ಶಾಖೆಯ ಗೆಳೆಯರೊಬ್ಬರ ನೆನಪಾಯಿತು. ಅವರ ಲೆಡ್ಜರ್ ಅಕ್ಷರ ಅಚ್ಚು ಹಾಕಿದಂತಿತ್ತು. ದಿನದ ಲೆಕ್ಕ ತಾಳೆಯಾಗದಿದ್ದರೆ ಮ್ಯಾನೇಜರೂ ಅವರ ಮೇಜಿಗೇ ಬರುತ್ತಿದ್ದರು. ಕಂಪ್ಯೂಟರ್ ಬಂತು. ಎರಡು ದಿನ ತರಬೇತಿ, ಒಂದು ದಪ್ಪ ಪುಸ್ತಕ. ಮೂರನೆಯ ದಿನ ಅವರನ್ನು ಕೂರಿಸಿದ್ದು ಸಂಬಳದ ದಿನದ ಕೌಂಟರಿನಲ್ಲಿ, ಎದುರಿಗೆ ಬಾಗಿಲವರೆಗೂ ಸಾಲು. ಯಾವುದೋ ಗುಂಡಿ ಒತ್ತಿದರು, ಪರದೆ ನಿಂತುಹೋಯಿತು, ಸಾಲಿನಲ್ಲಿದ್ದವರು ಕೂಗಾಡಿದರು. ಮೊದಲ ಹೆಜ್ಜೆಗೇ ಆಮೆ! ಆಮೇಲೆ ಅವರು ಕೀಲಿಮಣೆಯ ಮೇಲೆ ಬೆರಳಿಟ್ಟಾಗಲೆಲ್ಲ ಬೆರಳು ನಡುಗುತ್ತಿತ್ತು. 2001ರಲ್ಲಿ ಸ್ವಯಂ ನಿವೃತ್ತಿ ಬರೆದುಕೊಟ್ಟರು. ಪಕ್ಕದ ಕೌಂಟರಿನಲ್ಲಿದ್ದ ನಾನು ಒಂದು ಸಂಜೆಯಾದರೂ ಅವರನ್ನು ಕೂರಿಸಿಕೊಂಡು, ಒಂದು ಸುಳ್ಳು ಖಾತೆ ತೆರೆದು, ತಪ್ಪಾದರೂ ಪರವಾಗಿಲ್ಲ ಒತ್ತಿ ನೋಡಿ ಎನ್ನಬಹುದಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದೆ.

ಇನ್ನೊಂದು ಲೆಕ್ಕವೂ ಬಾಕಿ ಇದೆ. ಇದೇ ಆಟ ತೊಂಬತ್ತರ ದಶಕದಲ್ಲಿ ಅಗ್ಗದ ಪೆಟ್ಟಿಗೆಯೊಂದರಲ್ಲಿ ನಮ್ಮ ಮನೆಗೂ ಬಂದಿತ್ತು. "ಇದರಲ್ಲಿ ಕಲಿಯೋದಕ್ಕೆ ಏನಿದೆ?" ಎಂದು ಗದರಿ, ಪರೀಕ್ಷೆಯ ನೆಪದಲ್ಲಿ ಅದನ್ನು ಅಟ್ಟಕ್ಕೆ ಹಾಕಿದವನು ನಾನೇ. ಪರೀಕ್ಷೆ ಮುಗಿದರೂ ಕೆಳಗಿಳಿಸಲಿಲ್ಲ. ಮಗ ಮತ್ತೆ ಕೇಳಲೂ ಇಲ್ಲ.

ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಟೀವಿಯ ಸದ್ದು ತಗ್ಗಿಸಿ ಅಭ್ಯಾಸ ಮಾಡುತ್ತಿದ್ದೇನೆ. ನಮ್ಮವಳು ಒಮ್ಮೆ ಎದ್ದು ಬಂದು ನೋಡಿ, ಏನೂ ಹೇಳದೆ ಹೋದಳು. ಮೊದಲನೆಯ ಗುಂಬಾ ಈಗ ನನ್ನನ್ನು ಕೊಲ್ಲುವುದಿಲ್ಲ. ಎರಡನೆಯವನೂ ಅಷ್ಟೇ. ನಿನ್ನೆ ಜೋಡಿ ಗುಂಬಾಗಳ ತನಕ ಹೋದೆ. ಒಬ್ಬನನ್ನು ತುಳಿದೆ, ಹಿಂದಿದ್ದವನು ಮುಟ್ಟಿಬಿಟ್ಟ. ಮಗ ಭಾನುವಾರ ಬರುತ್ತಾನೆ. ಇನ್ನೂ ಮೂರು ರಾತ್ರಿ ಇದೆ.