ಕಾಳಜಿಯ ಹೆಸರಿನ ಅಡ್ಡಗೋಡೆ

ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರ ಹುದ್ದೆ ತೆರವಾಗಿದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ವರ್ಷ ದುಡಿದ ಶಿಕ್ಷಕಿಯೊಬ್ಬರು ಅದಕ್ಕೆ ಎಲ್ಲ ವಿಧದಲ್ಲೂ ಅರ್ಹರು. ಆಗ ಸಭೆಯಲ್ಲಿ ಯಾರೋ ಮೆಲ್ಲಗೆ ನುಡಿಯುತ್ತಾರೆ: "ಪಾಪ, ಅವರಿಗೆ ಮನೆ-ಮಕ್ಕಳ ಜವಾಬ್ದಾರಿ ಇದೆ. ಈ ಹೊರೆಯನ್ನೂ ಏಕೆ ಹೊರಿಸಬೇಕು?" ಎಲ್ಲರೂ ತಲೆದೂಗುತ್ತಾರೆ. ಹುದ್ದೆ ಮೂರು ಮಕ್ಕಳ ತಂದೆಯೊಬ್ಬರ ಪಾಲಾಗುತ್ತದೆ. ಅವರ ಮಕ್ಕಳ ವಿಚಾರವನ್ನು ಯಾರೂ ಎತ್ತುವುದಿಲ್ಲ. ಅಲ್ಲಿ ಹೆಣ್ಣನ್ನು ಯಾರೂ ಹೀಗಳೆಯಲಿಲ್ಲ, ಕಾಳಜಿಯನ್ನಷ್ಟೇ ತೋರಿದರು. ಆ ಕಾಳಜಿಯನ್ನೇ ನಾನು ಅನ್ಯಾಯವೆಂದು ಕರೆಯುತ್ತೇನೆ.

ಈ ಕಾಳಜಿ ಒಂದು ಕಾಲಕ್ಕೆ ಸರ್ಕಾರದ ನಿಯಮಾವಳಿಯಲ್ಲೇ ಅಚ್ಚಾಗಿತ್ತು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಅವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. 1961ರ ನಿಯಮಗಳಂತೆ, ಆ ಸೇವೆಯ ಮಹಿಳೆ ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ವಿವಾಹಾನಂತರ ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ಆಕೆಯಿಂದ ರಾಜೀನಾಮೆ ಕೇಳಬಹುದಿತ್ತು. ಪುರುಷರಿಗೆ ಇಂಥ ನಿಯಮವಿರಲಿಲ್ಲ.

ಬಡ್ತಿ ನಿರಾಕರಿಸಲ್ಪಟ್ಟಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವಿಚಾರಣೆಯ ವೇಳೆಗೆ ಸರ್ಕಾರ ಬಡ್ತಿ ನೀಡಿ, ಆ ನಿಯಮಗಳನ್ನು ಕೈಬಿಡುವುದಾಗಿಯೂ ತಿಳಿಸಿತು. ಆದಕಾರಣ 1979ರಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳ ಪಕ್ಷಪಾತವನ್ನು ಕಟುವಾಗಿ ಖಂಡಿಸಿದರು. ಸಂಸಾರ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕರ್ತವ್ಯಕ್ಕೂ ಅಡ್ಡಿಯಾಗಬೇಕಲ್ಲವೇ ಎಂಬುದು ಅವರ ತರ್ಕವಾಗಿತ್ತು. ಇಂದಿಗೂ ಅದಕ್ಕೆ ಉತ್ತರ ಕೊಟ್ಟವರಿಲ್ಲ.

ಎರಡನೆಯ ನೆಪ: "ನಮ್ಮದೇನೂ ಅಭ್ಯಂತರವಿಲ್ಲ, ಕೆಳಗಿನವರು ಹೆಣ್ಣಿನ ಮಾತು ಕೇಳಬೇಕಲ್ಲ?" ಸೇನೆಯ ಮಹಿಳಾ ಅಧಿಕಾರಿಗಳ ವಿಚಾರದಲ್ಲೂ ಇದೇ ವಾದ ಬಂತು. ಗ್ರಾಮೀಣ ಹಿನ್ನೆಲೆಯ ಸೈನಿಕರು ಮಹಿಳೆಯ ಆಜ್ಞೆಯನ್ನು ಒಪ್ಪುವಷ್ಟು ಮಾನಸಿಕವಾಗಿ ಸಿದ್ಧರಿಲ್ಲವೆಂದು ಸರ್ಕಾರ ವಾದಿಸಿತು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಒಪ್ಪದ ಮನಸ್ಸು ರೋಗವಾದರೆ ಚಿಕಿತ್ಸೆ ಆ ಮನಸ್ಸಿಗೆ ಸಲ್ಲಬೇಕು. ಅದರ ಬದಲು ಅರ್ಹಳನ್ನು ಕುರ್ಚಿಯಿಂದ ದೂರವಿಡುವುದು ಯಾವ ವೈದ್ಯ?

ಮೂರನೆಯದು ನಮ್ಮ ಪಂಚಾಯತಿಗಳ ಕುರಿತಾದ ಕುಹಕ. ಕರ್ನಾಟಕವು 2010ರಲ್ಲಿ ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಶೇಕಡ 50ಕ್ಕೆ ಏರಿಸಿತು. "ಹೆಸರಿಗೆ ಹೆಂಡತಿ, ಅಧಿಕಾರಕ್ಕೆ ಗಂಡ" ಎಂದು ನಗುವವರಿದ್ದಾರೆ. ಅಂಥವರನ್ನು ಕೇಳುತ್ತೇನೆ: ಅರ್ಜಿ ಹಿಡಿದು ನೀವು ಹೋದದ್ದು ಯಾರ ಬಳಿಗೆ? ಅಧ್ಯಕ್ಷೆಯನ್ನು ದಾಟಿ ಗಂಡನನ್ನು ಹುಡುಕಿದವರೇ ಆಕೆಯನ್ನು ಅಸಮರ್ಥಳೆಂದರೆ ಅದು ಧರ್ಮವೇ?

ಹೆಣ್ಣಿಗೆ ಆಡಳಿತ ಬಾರದೆಂದು ನಾವಾದರೂ ಹೇಳುವಂತಿಲ್ಲ. ಕನ್ಯಾಸ್ತ್ರೀಯರು ಶಾಲೆ, ಆಸ್ಪತ್ರೆಗಳನ್ನು ನಡೆಸುವುದನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ತಲೆಮಾರುಗಳಿಂದ ಕಂಡಿವೆ. ಅವರ ಶಿಸ್ತನ್ನು ಕೊಂಡಾಡುವ ನಾವೇ ಗೃಹಿಣಿಯಾದವಳ ಸರದಿ ಬಂದಾಗ ಹಿಂಜರಿಯುತ್ತೇವೆ. ಹಾಗಾದರೆ ನಮ್ಮ ಸಂದೇಹವಿರುವುದು ಆಕೆಯ ಸಾಮರ್ಥ್ಯದ ಮೇಲಲ್ಲ, ಸಂಜೆಯ ಅಡುಗೆ ಯಾರು ಮಾಡುತ್ತಾರೆಂಬುದರ ಮೇಲೆ.

ಮನೆಯ ಹೊರೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜ, ಭಾರವೂ ಹೌದು. ಆದರೆ ಭಾರ ಹೊತ್ತವಳಿಗೆ ನಿಜವಾಗಿ ಮರುಗುವವನು ಆಕೆಯ ಬಡ್ತಿಗೆ ಕೈಹಾಕುವುದಿಲ್ಲ, ಹೊರೆಗೆ ಹೆಗಲು ಕೊಡುತ್ತಾನೆ. ಮಗಳಿಗೆ ಪಾತ್ರೆ, ಮಗನಿಗೆ ಆಟವೆಂದು ಹಂಚುವ ಮನೆಯಲ್ಲೇ ನಾಳಿನ ಕಚೇರಿಯ ಪಕ್ಷಪಾತ ಮೊಳೆಯುತ್ತದೆ.

ಮುಂದಿನ ಬಾರಿ ಯಾವುದೇ ಸಭೆಯಲ್ಲಿ "ಅವರಿಗೆ ಮನೆ ಇದೆಯಲ್ಲ" ಎಂಬ ಮಾತು ಕೇಳಿಬಂದಾಗ ದಯವಿಟ್ಟು ತಲೆದೂಗಬೇಡಿ. "ಇವರಿಗೆ ಮನೆ ಇಲ್ಲವೇ?" ಎಂದು ಪಕ್ಕದ ಪುರುಷನನ್ನು ತೋರಿಸಿ ಕೇಳಿರಿ. ಒಂದೋ ಇಬ್ಬರಿಗೂ ಆ ಪ್ರಶ್ನೆ ಇರಲಿ, ಇಲ್ಲವೇ ಯಾರಿಗೂ ಬೇಡ.